ದಾರಿಗೆ ಕಾಣುವ ಸಾಲು

ಗುರುಸಿದ್ದವ್ವ ಕಂಡ ಲೋಕದಲ್ಲಿ ಹೆಣ್ಣು ಕೊಡುವವರು ಮೊದಲು ಗಂಡಿನ ಮುಖ ನೋಡುತ್ತಿರಲಿಲ್ಲ, ಗಂಡಿನ ಹೊಲ ನೋಡುತ್ತಿದ್ದರು. ಹುಡುಗ ಕುಳ್ಳಗಿದ್ದರೂ ನಡೆದೀತು, ಮಾತು ತೊದಲಿದರೂ ನಡೆದೀತು, ಹೊಲ ಮಾತ್ರ ತುಂಬಿರಬೇಕು. ತುಂಬಿರುವುದೆಂದರೆ ದಾರಿಯಲ್ಲಿ ನಿಂತು ನೋಡಿದವರಿಗೆ ಪೈರಿನ ನಡುವೆ ಕರಿಮಣ್ಣು ಕಾಣಬಾರದು. ಕಂಡರೆ ಆ ಮನೆಯಲ್ಲಿ ಬೀಜಕ್ಕೆ ಬಡತನ, ಇಲ್ಲವೆ ಕೈಗೆ ಬಡತನ. ಹೊಲ ಮನಸ್ಸಿಗೆ ಬಂದರೆ ಅಲ್ಲೇ ಕುಳಿತು ಉಣ್ಣುವುದು. ಉಂಡ ಮೇಲೆ ಒಲ್ಲೆವೆನ್ನುವ ಮಾತಿಲ್ಲ. ಉಣ್ಣದೆ ಗಾಡಿ ಹೊಳ್ಳಿಸಿದರೆ, ಯಾಕೆಂದು ಕೇಳುವ ಮಾತೂ ಇಲ್ಲ.

ಇಷ್ಟೆಲ್ಲ ಗೊತ್ತಿದ್ದೂ, ಮಗ ಈರಪ್ಪನಿಗೆ ಹೆಣ್ಣು ನೋಡುವ ವರ್ಷವೇ ಅವಳ ಗಂಡ ಶಿವಯೋಗೆಪ್ಪ ಜೋಳವನ್ನು ಬೋಳಾಗಿ ಬಿತ್ತಿದ.

ಎರಡನೆಯ ಮಹಾಯುದ್ಧ ಮುಗಿದು ಒಂದು ವರ್ಷವಾಗಿತ್ತು. ಹಿಂದಿನ ಚಳಿಗಾಲ ಗಾಡಿಯ ಗಾಲಿಗೆ ಹೊಸ ಪಟ್ಟಿ ಹಾಕಿಸಲು ಟಿಕೋಟಾದಿಂದ ವಿಜಾಪುರಕ್ಕೆ ಹೋದವನು ಊರ ಹೊರಗೆ ಹೊಸ ಬೇಸಾಯ ಮಾಡಿ ನೋಡುತ್ತಿದ್ದ ಸರಕಾರಿ ಹೊಲದ ಬೇಲಿಗೆ ಕೈಯಿಟ್ಟು ನಿಂತುಬಿಟ್ಟಿದ್ದ. ಜೊತೆಯವರು ಗಾಲಿ ಕಟ್ಟಿಸಿ, ಚಹಾ ಕುಡಿದು, ಹೊಳ್ಳಿ ಬಂದಾಗಲೂ ಅಲ್ಲೇ ನಿಂತಿದ್ದನಂತೆ. ಮನೆಗೆ ಬಂದು ಏನೂ ಹೇಳಲಿಲ್ಲ. ಹೇಳುವ ಜಾತಿಯವನೇ ಅಲ್ಲ. ಮಳೆಗಾಲದ ಹೊತ್ತಿಗೆ ಬಡಿಗೇರನ ಅಂಗಳದಲ್ಲಿ ಒಂದು ಹೊಸ ಕೂರಿಗೆ ಸಿದ್ಧವಾಗಿತ್ತು. ಹಳೆಯದಕ್ಕೆ ಬೀಜ ಇಳಿಯುವ ತಾಳು ನಾಲ್ಕು, ಇದಕ್ಕೆ ಮೂರೇ. ತಾಳಿನಿಂದ ತಾಳಿಗೆ ಅಂತರ ಎಷ್ಟಿತ್ತೆಂದರೆ ನಡುವೆ ಒಂದು ಕೂಸನ್ನು ಮಲಗಿಸಬಹುದಿತ್ತು.

ಬಿತ್ತುವ ದಿನ ಕೂರಿಗೆಯ ಹಿಂದೆ ನಡೆದು ಬಟ್ಟಲಿಗೆ ಬೀಜ ಬಿಟ್ಟವಳು ಗುರುಸಿದ್ದವ್ವನೇ. ಮದುವೆಯಾಗಿ ಬಂದಾಗಿನಿಂದ ಆ ಕೆಲಸ ಅವಳದು. ಅವಳ ಮುಷ್ಟಿ ದೊಡ್ಡದು ಎಂದು ಅತ್ತೆ ಊರೆಲ್ಲ ಹೇಳಿಕೊಂಡು ತಿರುಗುತ್ತಿದ್ದಳು. ಆ ದಿನ ಶಿವಯೋಗೆಪ್ಪ ಹೊಳ್ಳಿ ನೋಡಿ ಒಂದೇ ಮಾತು ಆಡಿದ.

"ಕೈ ಬಿಗಿ ಹಿಡಿ."

ಅವಳಿಗೆ ಕಪಾಳಕ್ಕೆ ಹೊಡೆದಂತಾಯಿತು. ಕೈ ಬಿಗಿ ಹಿಡಿದಳು. ಮಾತನ್ನೂ ಬಿಗಿ ಹಿಡಿದಳು. ಸಂಜೆ ಮನೆಗೆ ಬಂದಾಗ ಉಡಿಯಲ್ಲಿ ಇನ್ನೂ ಬೀಜ ಉಳಿದಿತ್ತು. ಇಷ್ಟು ವರ್ಷಗಳಲ್ಲಿ ಒಮ್ಮೆಯೂ ಹಾಗಾಗಿರಲಿಲ್ಲ.

ಮೊಳಕೆ ಬಂದ ಮೇಲೆ ಹಾದಿಹೋಕರಿಗೆಲ್ಲ ಆ ಹೊಲ ಚೇಷ್ಟೆಯ ವಸ್ತುವಾಯಿತು. ಕಳೆ ತೆಗೆಯಲು ಬರುತ್ತಿದ್ದ ಪರಸವ್ವನಂತೂ ಎದುರಿಗೇ ಆಡಿಬಿಟ್ಟಳು. ಇಪ್ಪತ್ತು ವರ್ಷದಿಂದ ಇದೇ ಹೊಲದಲ್ಲಿ ಕೂಲಿ ಮಾಡಿದ ಹೆಂಗಸು ಅವಳು, ಬಾಯಿಗೆ ಬೀಗವಿಲ್ಲ.

"ಯವ್ವಾ, ನಿಮ್ಮ ಸಾಲಿನ ನಡುವ ಲಗ್ನದ ಪಂಕ್ತಿ ಕೂಡಸಬಹುದು ನೋಡ್ರಿ. ಬಡಸವರು ಸೈತ ಅಡ್ಡಾಡತಾರ."

"ಸುಮ್ನಿರ ಬೇ. ಲಗ್ನ ಆಗಬೇಕಲ್ಲ ಮೊದಲ."

ಲಗ್ನದ ಮಾತು ಅವಳಿಗೆ ಚುಚ್ಚಿದ್ದಕ್ಕೆ ಕಾರಣವಿತ್ತು. ಸಾರವಾಡದ ಬಸವಂತಪ್ಪನ ಮಗಳು ಶಂಕ್ರೆವ್ವನನ್ನು ಅವಳು ಒಮ್ಮೆ ಬಬಲೇಶ್ವರದ ಸಂತೆಯಲ್ಲಿ ಕಂಡಿದ್ದಳು. ಬಳೆಗಾರ್ತಿ ಅಬೇದಾ ಕೈ ಹಿಚುಕಿ ಬಳೆ ಏರಿಸುತ್ತಿದ್ದರೆ ಆ ಹುಡುಗಿ ನೋವಿಗೆ ಅಳುವ ಬದಲು ಗಹಗಹಿಸಿ ನಗುತ್ತಿದ್ದಳು. ಅಬೇದಾ ಬೈಯುತ್ತಿದ್ದಳು, ಹುಡುಗಿ ಮತ್ತಷ್ಟು ನಗುತ್ತಿದ್ದಳು, ಸುತ್ತಲಿನ ನಾಲ್ಕು ಅಂಗಡಿಯವರು ತಕ್ಕಡಿ ಹಿಡಿದುಕೊಂಡೇ ಈ ಕಡೆ ನೋಡುತ್ತಿದ್ದರು. ಗುರುಸಿದ್ದವ್ವ ಕೊಳ್ಳಬೇಕಾದ ಮೆಣಸಿನಕಾಯಿ ಮರೆತು ನಿಂತಿದ್ದಳು. ಅವಳ ಮನೆಯಲ್ಲಿ ಗಂಡ ಮಾತಾಡುವವನಲ್ಲ, ಮಗ ಗಂಡನ ಪಡಿಯಚ್ಚು. ಊಟಕ್ಕೆ ಕೂತರೆ ರೊಟ್ಟಿ ಮುರಿಯುವ ಸದ್ದು ಅಟ್ಟದವರೆಗೂ ಕೇಳುತ್ತಿತ್ತು. ಆ ನಗೆ ತನ್ನ ಪಡಸಾಲೆಯಲ್ಲಿ ಕೇಳಬೇಕೆಂದು ಅವಳಿಗೆ ಅಂದೇ ಅನಿಸಿತ್ತು. ಈ ಆಸೆಯನ್ನೂ ಅವಳು ಮನೆಯಲ್ಲಿ ಹೇಳಿರಲಿಲ್ಲ. ಇಪ್ಪತ್ತೈದು ವರ್ಷ ಮೂಕರ ನಡುವೆ ಬಾಳಿದವಳಿಗೆ ಹೇಳುವುದು ಮರೆತೇ ಹೋಗಿತ್ತೇನೋ.

ಬಸವಂತಪ್ಪನ ಕಡೆಯಿಂದ ಸುದ್ದಿ ಬಂದಿತ್ತು: ದೀಪಾವಳಿ ಮುಗಿದ ಮೇಲೆ ಹೊಲ ನೋಡಲು ಬರುತ್ತೇವೆ, ಜೊತೆಗೆ ಬಸವಂತಪ್ಪನ ಸೋದರತ್ತೆ ರುಕ್ಮವ್ವ ಬರುತ್ತಾಳೆ. ರುಕ್ಮವ್ವನ ಹೆಸರನ್ನು ಗುರುಸಿದ್ದವ್ವ ಕೇಳಿ ಬಲ್ಲಳು. ಬಬಲೇಶ್ವರದ ಒಬ್ಬರ ಹೊಲದ ಮುಂದೆ ಗಾಡಿ ನಿಲ್ಲಿಸಿ, "ಇಲ್ಲಿ ಕಾಗಿ ಸೈತ ಉಪವಾಸ" ಎಂದು ಹೊಳ್ಳಿ ಹೋದ ಮುದುಕಿ ಅವಳು.

ಹೊಲವಿದ್ದದ್ದು ಟಿಕೋಟಾದಿಂದ ಬಬಲೇಶ್ವರಕ್ಕೆ ಹೋಗುವ ದಾರಿಗೆ ತಾಗಿ. ಬರುವವರ ಕಣ್ಣಿಗೆ ಮೊದಲು ಬೀಳುವುದು ದಾರಿಬದಿಯ ಪಟ್ಟಿ. ಬಿತ್ತಿದ ಎರಡನೆಯ ವಾರ ಒಂದು ಹದವಾದ ಮಳೆ ಹನಿಯಿತು. ಶಿವಯೋಗೆಪ್ಪ ಎತ್ತಿಗೆ ಲಾಳ ಕಟ್ಟಿಸಲು ಊರೊಳಗೆ ಹೋಗಿದ್ದ. ಗುರುಸಿದ್ದವ್ವ ಉಳಿದಿದ್ದ ಬೀಜವನ್ನು ಉಡಿಗೆ ಸುರಿದುಕೊಂಡು, ಪರಸವ್ವನನ್ನು ಕರೆದುಕೊಂಡು ಹೊಲಕ್ಕೆ ನಡೆದಳು.

"ಏನ ಮಾಡಾಕತ್ತೀರಿ ಯವ್ವಾ ಇದು? ಬಿತ್ತಿದ ಹೊಲಾ ಮತ್ತ ಬಿತ್ತತಾರೇನು?"

"ಹಲ್ಲಿನ ಸಂದಿ ಕಾಣತಾವಲ್ಲ, ಅವನ್ನ ಮುಚ್ಚಾಕತ್ತೇನಿ. ಕುರಪಿ ತುಗೊ."

"ಯಜಮಾನ್ರಿಗೆ?"

"ಅವರು ನನಗ ಹೇಳಿ ಕೂರಿಗಿ ಮಾಡಿಸ್ಯಾರೇನು?"

ಪರಸವ್ವ ಕಿಸಕ್ಕನೆ ನಕ್ಕು ಕುಕ್ಕರಗಾಲಲ್ಲಿ ಕೂತಳು. ಇಬ್ಬರೂ ದಾರಿಬದಿಯ ಪ್ರತಿ ಸಾಲಿನ ನಡುವೆ ಇನ್ನೊಂದು ಸಾಲು ಊರಿದರು. ಅದರ ನಡುವೆಯೂ ಜಾಗ ಕಂಡಲ್ಲಿ ಚಿಟಿಕೆ ಬೀಜ ಒತ್ತಿದರು. ಕೈ ಬಿಗಿ ಹಿಡಿ ಎನ್ನುವವರು ಯಾರೂ ಇರಲಿಲ್ಲ. ಗುರುಸಿದ್ದವ್ವನ ಮುಷ್ಟಿ ಧಾರಾಳವಾಗಿ ಬಿಚ್ಚಿತು.

ದೀಪಾವಳಿಯ ಹೊತ್ತಿಗೆ ಆ ಪಟ್ಟಿ ನೋಡುವ ಹಾಗಿತ್ತು. ಸಸಿಗೆ ಸಸಿ ಪೈಪೋಟಿ ಬಿದ್ದಂತೆ ಎದ್ದು, ಹಸಿರು ಗೋಡೆ ಕಟ್ಟಿದ್ದವು. ಒಳಗಿನ ಸಾಲುಗಳು ಇನ್ನೂ ಗಿಡ್ಡ. ಒಂದೊಂದು ಸಸಿ ಕೈಕಾಲು ಚಾಚಿ ಅಗಲವಾಗಿ ಕೂತಿತ್ತು, ಮೇಲೇಳುವ ಅವಸರವೇ ಇಲ್ಲದ ಹಾಗೆ. ದಾರಿಯಲ್ಲಿ ಹೋಗುವವರು, "ಶಿವಯೋಗೆಪ್ಪನ ಹೊಲಾ ಸುಧಾರಿಸೇತಿ ಬಿಡಪಾ" ಎನ್ನುವುದು ಅವಳ ಕಿವಿಗೆ ಬಿತ್ತು. ಅಂದಿನ ರಾತ್ರಿ ಅವಳು ಹಗುರಾಗಿ ಮಲಗಿದಳು.

ಎರಡು ದಿನ ಬಿಟ್ಟು ಶಿವಯೋಗೆಪ್ಪ ಎಡೆಕುಂಟೆ ಹೂಡಿದ. ಸಾಲುಗಳ ನಡುವೆ ಕುಂಟೆ ಹಾಯಿಸಿ, ಮೇಲ್ಮಣ್ಣು ಪುಡಿ ಮಾಡಿ, ಬಿರುಕು ಮುಚ್ಚುವ ಕೆಲಸ ಅದು. ಹಾಗೆ ಮಾಡದಿದ್ದರೆ ನಮ್ಮ ಕರಿಮಣ್ಣು ಬಾಯಿ ಬಿಟ್ಟು ಒಳಗಿನ ತೇವವನ್ನೆಲ್ಲ ಬಿಸಿಲಿಗೆ ಕೊಟ್ಟುಬಿಡುತ್ತದೆ. ಗುರುಸಿದ್ದವ್ವ ಬುತ್ತಿ ತಂದು ಬದುವಿನ ಮೇಲೆ ಇಳಿಸುತ್ತಿದ್ದಳು. ಎತ್ತುಗಳು ಒಳಗಿನ ಸಾಲುಗಳನ್ನು ಮುಗಿಸಿ ದಾರಿಬದಿಯ ಪಟ್ಟಿಗೆ ಬಂದವು. ನಿಂತವು. ಕುಂಟೆ ಹೋಗಲು ಅಲ್ಲಿ ದಾರಿಯೇ ಇರಲಿಲ್ಲ.

ಶಿವಯೋಗೆಪ್ಪ ಮಿಣಿ ಸಡಿಲಿಸಿ ಬಾಗಿ ನೋಡಿದ. ಎರಡು ಸಸಿಗಳನ್ನು ಬೆರಳಿಂದ ಬಿಡಿಸಿ, ನಡುವಿನ ಮೂರನೆಯದನ್ನು ನೋಡಿದ. ತಾನು ಬಿತ್ತದ ಸಾಲು ತನ್ನ ಹೊಲದಲ್ಲಿ ಇರುವುದು ರೈತನಿಗೆ ತಿಳಿಯದೆ ಇದ್ದೀತೆ? ಗುರುಸಿದ್ದವ್ವ ಬುತ್ತಿಯ ಗಂಟಿನ ಮೇಲೆ ಕೈಯಿಟ್ಟು ಕಾದು ಕೂತಳು. ಈಗ ಬೈಯುತ್ತಾನೆ. ಬೈಯಲಿ. ಬೈದರೆ ತಾನೂ ನಾಲ್ಕು ಮಾತು ಆಡುವುದಿದೆ.

ಅವನು ಕುಂಟೆಯನ್ನು ಎತ್ತಿ ಹೆಗಲಿಗೆ ಹಾಕಿಕೊಂಡ. ಎತ್ತುಗಳನ್ನು ಪಟ್ಟಿಯ ಆಚೆಯಿಂದ ಬಳಸಿ ತಂದ. ಬಂದು ಕೈ ತೊಳೆದು ಉಂಡ. ಪುಂಡಿಪಲ್ಯ ಇನ್ನೊಂದಿಷ್ಟು ಹಾಕಿಸಿಕೊಂಡ. ಎದ್ದು ಹೋದ.

ಅಂದಿನಿಂದ ಆ ಪಟ್ಟಿ ಇಬ್ಬರ ನಡುವೆ ಹೇಳದ ಮಾತಾಗಿ ಬೆಳೆಯತೊಡಗಿತು. ಅವನಿಗೆ ಗೊತ್ತಿತ್ತು. ಗೊತ್ತಿದೆಯೆಂಬುದು ಇವಳಿಗೂ ಗೊತ್ತಿತ್ತು. ಮೌನದಲ್ಲಿ ಸಿಟ್ಟಿದೆಯೋ, ಹಂಗಿಸುವಿಕೆ ಇದೆಯೋ, ಏನೂ ಇಲ್ಲವೋ ಎಂದು ಅವಳು ರೊಟ್ಟಿ ಬಡಿಯುವಾಗ, ನೀರು ಸೇದುವಾಗ ತಿರುವಿ ತಿರುವಿ ನೋಡಿದಳು. ಬಾವಿಯೊಳಗೆ ಇಣುಕಿದ ಹಾಗೆ, ಕಾಣುವುದು ತನ್ನ ಮುಖವೇ.

ದೀಪಾವಳಿ ಮುಗಿಯಿತು, ಸಾರವಾಡದವರು ಬರಲಿಲ್ಲ. ರುಕ್ಮವ್ವನಿಗೆ ಚಳಿಜ್ವರ ಹಿಡಿದಿದೆ, ಎದ್ದು ಓಡಾಡುವಂತಾದ ಮೇಲೆ ಬರುತ್ತೇವೆ ಎಂದು ಹೇಳಿ ಕಳಿಸಿದರು. ಮುದುಕಿಯ ಜ್ವರ ಇಳಿಯಲಿಲ್ಲ. ಇತ್ತ ಮತ್ತೆ ಮಳೆಯೂ ಬರಲಿಲ್ಲ, ಆ ಕಾಲಕ್ಕೆ ಬರುವುದೂ ಇಲ್ಲ. ಹಿಂಗಾರಿ ಜೋಳ ಬದುಕುವುದು ಮಣ್ಣೊಳಗೆ ಉಳಿದ ತೇವದ ಮೇಲೆ, ಮುಂಜಾವಿನ ಇಬ್ಬನಿಯ ಮೇಲೆ.

ಮೊದಲು ಕೆಳಗಿನ ಎಲೆಗಳು ಹಳದಿಯಾದವು. ಹಸಿರು ಗೋಡೆ ಬುಡದಿಂದ ಸುಣ್ಣ ಉದುರಿದಂತೆ ಒಣಗುತ್ತ ಮೇಲೇರಿತು. ಬೆಳಕಿಗಾಗಿ ಒಂದನ್ನೊಂದು ಮೀರಿ ಎದ್ದ ದಂಟುಗಳು ಉದ್ದವಾದವು, ದಪ್ಪವಾಗಲಿಲ್ಲ. ಗಾಳಿ ಬಂದರೆ ಒಂದರ ಮೇಲೊಂದು ಒರಗಿ ನಿಲ್ಲುತ್ತಿದ್ದವು. ಕುಂಟೆ ಹಾಯದ ನೆಲ ಕೈ ಇಳಿಯುವಷ್ಟು ಬಿರಿದಿತ್ತು. ಅವಳಿಗೆ ಹೆಚ್ಚು ಸಂಕಟವಾದದ್ದು ಇನ್ನೊಂದಕ್ಕೆ: ಗಂಡ ಬಿತ್ತಿದ್ದ ಮೂಲದ ಸಾಲೂ ಅವಳ ಸಸಿಗಳ ನಡುವೆ ಸಿಕ್ಕು ಅವುಗಳಂತೆಯೇ ಬಡವಾಗಿತ್ತು. ಯಾವುದು ಅವನದು, ಯಾವುದು ತನ್ನದು ಎಂದು ಗುರುತೇ ಹತ್ತುತ್ತಿರಲಿಲ್ಲ.

ಆ ಪಟ್ಟಿಯ ಒಂದು ಮೂಲೆಯಲ್ಲಿ ಇರುವೆಗಳು ಬೀಜ ಹೊತ್ತುಕೊಂಡು ಹೋಗಿ ಒಂದು ಬಯಲು ಮಾಡಿದ್ದವು. ಆ ಬಯಲಿನ ನಡುವೆ ಉಳಿದ ಒಂದೇ ಗಿಡ ಹೆಬ್ಬೆರಳಿನಷ್ಟು ದಪ್ಪ ದಂಟು ಬಿಟ್ಟು, ಎಲೆ ಅಗಲಿಸಿ, ಎಮ್ಮೆಯ ಹಾಗೆ ನೆಮ್ಮದಿಯಾಗಿ ನಿಂತಿತ್ತು. ಗುರುಸಿದ್ದವ್ವ ಅದರ ಮುಂದೆ ಬಹಳ ಹೊತ್ತು ನಿಂತಳು. ಬೇಲಿಗೆ ಕೈಯಿಟ್ಟು ಗಂಡ ಏನು ನೋಡಿದ್ದನೆಂದು ಆಗ ಅವಳಿಗೆ ಹೊಳೆಯಿತು.

"ಅರ್ಧಾ ಕಿತ್ತ ಒಗಿಯೂಣೇನ್ರಿ ಯವ್ವಾ?" ಪರಸವ್ವ ಕೇಳಿದಳು.

ಗುರುಸಿದ್ದವ್ವ ಒಂದು ದಂಟಿಗೆ ಕೈ ಹಾಕಿದಳು. ಬಡವಾದರೂ ಜೀವವಿದ್ದ ಪೈರು. ಎಳ್ಳ ಅಮಾವಾಸ್ಯೆಗೆ ಹೊಲಕ್ಕೆ ಬಯಕೆಯ ಊಟ ಹಾಕುವ ಜನ ತಾವು. ಬಸುರಿಯಾಗಬೇಕಾದದ್ದನ್ನು ಬೇರು ಸಹಿತ ಕೀಳುವುದೆಂದರೆ? ಕೈ ತಾನಾಗಿ ಹಿಂದೆ ಬಂತು.

"ಒಲ್ಲೆ. ಊರಿದ ಕೈ ಕೀಳಾಕ ಬರೂದಿಲ್ಲ. ಇಷ್ಟೊತ್ತಿಗೆ ಕಿತ್ತರ ಉಳದದ್ದೇನ ದಪ್ಪ ಆಗತೈತಿ?"

"ಅದೂ ಖರೇನ. ಹಸದ ಮಕ್ಕಳನ್ನ ದೊಡ್ಡವರಾದ ಮ್ಯಾಲ ಉಣಿಸಿದ್ಹಂಗ."

ರುಕ್ಮವ್ವ ಕೊನೆಗೂ ಬಂದದ್ದು ಎಳ್ಳ ಅಮಾವಾಸ್ಯೆಯ ದಿನವೇ. ಒಳ್ಳೆಯ ದಿನ, ಹೊಲ ನೋಡಿದಂತೆಯೂ ಆಯಿತು, ಚರಗದ ಊಟ ಉಂಡಂತೆಯೂ ಆಯಿತು ಎಂದು ಬಸವಂತಪ್ಪ ಹೇಳಿ ಕಳಿಸಿದ್ದ. ಗುರುಸಿದ್ದವ್ವ ನಸುಕಿನಲ್ಲೆದ್ದು ಸಜ್ಜೆಕಡುಬು, ಶೇಂಗಾಹೋಳಿಗೆ, ಎಣ್ಣೆಗಾಯಿ ಮಾಡಿದಳು. ಈರಪ್ಪ ಹೊಲದ ನಡುವೆ ಪೂಜೆಗೆ ಐದು ಕಲ್ಲಿಟ್ಟು ಸುಣ್ಣ ಹಚ್ಚಿದ. ಬುತ್ತಿಯಿಂದ ಒಂದು ಪಾಲು ತೆಗೆದು ಹೊಲದ ನಾಲ್ಕೂ ಮೂಲೆಗೆ ಚರಗ ಚೆಲ್ಲಿ ಬಂದ. ಅಷ್ಟರಲ್ಲಿ ಬಬಲೇಶ್ವರದ ಕಡೆಯಿಂದ ಸವಾರಿ ಗಾಡಿಯ ಗೆಜ್ಜೆ ಕೇಳಿಸಿತು.

ಗಾಡಿ ನಿಂತದ್ದು ಸರಿಯಾಗಿ ಆ ಪಟ್ಟಿಯ ಎದುರಿಗೆ.

ಜ್ವರದಿಂದ ಸೊರಗಿದ ರುಕ್ಮವ್ವ ಕೌದಿ ಹೊದ್ದು ಕೂತಿದ್ದಳು. ಇಳಿಯಲಿಲ್ಲ. ಕೂತಲ್ಲಿಂದಲೇ ಕೈ ಚಾಚಿ ಒಂದು ಎಲೆ ಹರಿದು ಬೆರಳಲ್ಲಿ ತಿಕ್ಕಿದಳು. ಅದು ಪುಡಿಯಾಗಿ ಉದುರಿತು.

"ಬಸವಂತಾ, ಇದs ಹೊಲಾ ಏನೋ?"

"ಇದs ನೋಡತ್ತಿ."

"ಹಂಗಾರ ಗಾಡಿ ಹೊಳ್ಸು. ಬಿಸಲ ಏರೂದ್ರೊಳಗ ಬಬಲೇಶ್ವರ ಮುಟ್ಟೂಣು."

ಬಸವಂತಪ್ಪ ಮುಜುಗರದಿಂದ ನೊಗ ಹಿಡಿದ. ಶಿವಯೋಗೆಪ್ಪ ಅತಿಥಿಗಳ ಕಾಲಿಗೆಂದು ನೀರಿನ ತಂಬಿಗೆ ಹಿಡಿದು ನಿಂತಿದ್ದ. ಒಳಗಿನ ಹೊಲ ಬೇರೆ ಇದೆ, ಬಂದು ನೋಡಿರಿ ಎಂದು ಅವನು ಒಂದು ಮಾತು ಆಡಬಹುದಿತ್ತು. ಆದರೆ ಹಾಗೆಂದರೆ ಇದು ಯಾರ ಕೈ ಎಂದು ಹೇಳಬೇಕಾಗುತ್ತಿತ್ತು. ಅವನು ಹೆಂಡತಿಯ ಮುಖ ನೋಡಿದ, ಆಮೇಲೆ ತಂಬಿಗೆಯೊಳಗಿನ ನೀರು ನೋಡಿದ. ಸುಮ್ಮನಿದ್ದ.

ಆ ಸುಮ್ಮನಿರುವಿಕೆ ಏನೆಂದು ಗುರುಸಿದ್ದವ್ವನಿಗೆ ಒಮ್ಮೆಲೆ ತಿಳಿಯಿತು. ಮಗನ ಲಗ್ನ ಮುರಿದು ಹೋದರೂ ಸರಿ, ನಾಲ್ಕು ಜನರ ಮುಂದೆ ಅವಳ ಹೆಸರು ಎತ್ತುವುದಿಲ್ಲ ಅವನು. ಇಷ್ಟು ದಿನ ತಾನು ಇಣುಕಿದ ಬಾವಿಯಲ್ಲಿ ಇದ್ದದ್ದು ಇದು.

"ನಿಂದರ್ರಿ ರುಕ್ಮವ್ವಾರ," ಅವಳು ನೊಗಕ್ಕೆ ಅಡ್ಡ ಬಂದಳು. "ಈ ಪಟ್ಟಿ ಅವರದಲ್ಲ್ರಿ, ನಂದು. ಅವರು ಬಿತ್ತಿ ಹ್ವಾದ ಮ್ಯಾಲ ನಾ ಕದ್ದು ಮತ್ತೊಮ್ಮಿ ಬಿತ್ತೀನಿ. ನಿಮ್ಮ ಕಣ್ಣಿಗೆ ಹೊಲಾ ತುಂಬಿದ್ಹಂಗ ಕಾಣಲಿ ಅಂತ."

"ನಮ್ಮ ಕಣ್ಣಿಗೆ?"

"ಹೌದ್ರಿ."

"ತುಂಬಿದ್ಹಂಗ?"

"ಹೌದ್ರಿ."

ಬದುವಿನ ಮೇಲಿದ್ದ ಪರಸವ್ವನಿಗೆ ತಡೆಯಲಾಗಲಿಲ್ಲ. "ದೀಪಾವಳಿಗೆ ಬಂದಿದ್ರ ತುಂಬಿತ್ತ ಬಿಡ್ರಿ ಯವ್ವಾ. ನೀವs ತಡಾ ಮಾಡಿದ್ರಿ."

ರುಕ್ಮವ್ವ ಕೌದಿ ಸರಿಸಿದಳು. "ಅಂದ್ರ ತಪ್ಪು ನನ್ನ ಜ್ವರದ್ದು!" ಎಂದಳು. ಆಮೇಲೆ ನಗು ಬಂತು. ನಗುತ್ತ ಕೆಮ್ಮು ಬಂತು, ಕೆಮ್ಮುತ್ತ ಗಾಡಿಯಿಂದ ಇಳಿದಳು. "ಹಿಡಿ ಕೈ. ನಿನ್ನ ಕೈ ನೋಡಿದೆ, ಇನ್ನ ನಿನ್ನ ಗಂಡನ ಕೈ ತೋರ್ಸು."

ಪಟ್ಟಿ ದಾಟಿ ಒಳಗೆ ಕಾಲಿಟ್ಟರೆ ಬೇರೆಯೇ ಹೊಲ. ಸಾಲುಗಳ ನಡುವೆ ಇಬ್ಬರೂ ಒಬ್ಬರ ಹಿಂದೊಬ್ಬರು ಸಲೀಸಾಗಿ ನಡೆಯಬಹುದಿತ್ತು. ಪುಡಿಮಣ್ಣು ಕಾಲಿಗೆ ಹಿಟ್ಟಿನಂತೆ ತಗಲುತ್ತಿತ್ತು. ದಂಟುಗಳು ಮುದುಕಿಯ ಮುಂಗೈಗಿಂತ ಗಟ್ಟಿಯಾಗಿದ್ದವು, ತಲೆಯ ಮೇಲೆ ತೆನೆಗಳು ಹೊಡೆ ಒಡೆದು ಹೊರಬಂದು ತುಂಬತೊಡಗಿದ್ದವು. ರುಕ್ಮವ್ವ ಒಂದು ದಂಟು ಬಾಗಿಸಿ ತೆನೆಯನ್ನು ಅಂಗೈಯಲ್ಲಿ ಹಿಡಿದು ತೂಗಿ ನೋಡಿದಳು, ಕೂಸಿನ ತಲೆ ಹಿಡಿದಂತೆ. ಬಿಟ್ಟಳು. ಇನ್ನೊಂದು ಹಿಡಿದಳು.

"ಇಷ್ಟ ದೂರ ದೂರ ಯಾಕ ಬಿತ್ತೀರಿ?" ಕೊನೆಗೆ ಶಿವಯೋಗೆಪ್ಪನನ್ನು ಕೇಳಿದಳು.

"ನೆಲದಾಗ ನೀರು ಇದ್ದಷ್ಟs ಇರತೈತ್ರಿ. ಕುಡಿಯೂ ಬಾಯಿ ಹೆಚ್ಚಾದ್ರ ಯಾರಿಗೂ ಗುಟುಕು ಸಾಲೂದಿಲ್ಲ." ಅವನು ತಡೆದ. "ಎಡಿ ಹೊಡಿಯಾಕೂ ಜಾಗಾ ಬೇಕಲ್ರಿ."

ಗಂಡ ಒಂದರ ಬೆನ್ನಿಗೆ ಒಂದು ಇಷ್ಟು ಮಾತು ಆಡಿದ್ದನ್ನು ಗುರುಸಿದ್ದವ್ವ ಯಾವಾಗ ಕೇಳಿದ್ದಳೋ ನೆನಪಾಗಲಿಲ್ಲ.

"ಹೆಂಡ್ತಿ ಕದ್ದು ಬಿತ್ತಿದ್ದು ಗೊತ್ತಿತ್ತೇನು?"

"ಗೊತ್ತಿತ್ರಿ."

"ಮತ್ತ ಯಾಕ ಕೇಳ್ಲಿಲ್ಲ?"

ಶಿವಯೋಗೆಪ್ಪ ಪ್ರಾಮಾಣಿಕವಾಗಿ ಯೋಚಿಸಿದ. "ಆಕಿ ಹೇಳ್ಲಿಲ್ಲ್ರಿ."

ರುಕ್ಮವ್ವ ಹಣೆ ಚಚ್ಚಿಕೊಂಡಳು. "ಶಿವನ! ಕೇಳಿದೇನೋ ಬಸವಂತಾ? ನಮ್ಮ ಶಂಕ್ರಿ ಈ ಮನ್ಯಾಗ ಬಂದ್ರ ಹುಚ್ಚ ಹಿಡದ ಹೊಕ್ಕಾಳ. ಆಕಿ ನಿದ್ದ್ಯಾಗ ಸೈತ ಮಾತಾಡೂ ಹುಡಿಗಿ."

"ಅದಕ್ಕs ಆಕಿನ್ನ ಕೇಳಾಕತ್ತೇನ್ರಿ," ಎಂದಳು ಗುರುಸಿದ್ದವ್ವ. ಮಾತು ಬಾಯಿಂದ ಜಾರಿಹೋಗಿತ್ತು. ಜಾರಿದ ಮೇಲೆ ನಿಲ್ಲಲಿಲ್ಲ. "ಸಂತ್ಯಾಗ ಬಳಿ ಇಡಿಸ್ಕೊಳ್ಳೂವಾಗ ಆಕಿ ನಗೂದು ಕೇಳೀನ್ರಿ. ನಮ್ಮ ಮನ್ಯಾಗ ಹಂಗ ಯಾರೂ ನಗೂದಿಲ್ರಿ. ಜೋಳ, ಎತ್ತು, ಮನಿ ಎಲ್ಲಾ ಐತಿ. ಅದೊಂದಿಲ್ಲ."

ಶಿವಯೋಗೆಪ್ಪ ಹೆಂಡತಿಯ ಕಡೆ ತಿರುಗಿ ನೋಡಿದ. ಹೊಸದೇನನ್ನೋ ಕೇಳಿದವನಂತೆ, ಆದರೆ ಅದು ಮೊದಲೇ ಗೊತ್ತಿರಬೇಕಿತ್ತು ಎಂಬಂತೆ.

ಗಾಳಿಗೆ ಅಗಲ ಎಲೆಗಳು ಒಂದಕ್ಕೊಂದು ತಾಗದೆ ತಮ್ಮಷ್ಟಕ್ಕೆ ತೂಗುತ್ತಿದ್ದವು. ಮುದುಕಿ ಆ ಸಾಲುಗಳ ನಡುವಿನ ಬಯಲನ್ನೊಮ್ಮೆ ನೋಡಿ, ಸೆರಗಿನಿಂದ ಒಂದಿಷ್ಟು ಮಣ್ಣು ಸರಿಸಿ, ಅಲ್ಲೇ ಕಾಲು ಮಡಚಿ ಕೂತಳು.

"ಊಟಕ್ಕೇನ ಮಾಡೀರಿ?" ಎಂದಳು.

ಈರಪ್ಪನಿಗೆ ಇದರ ಅರ್ಥ ತಡವಾಗಿ ಆಯಿತು. ಆದ ಮೇಲೆ ಕಿವಿ ಕೆಂಪಾಗಿ, ಬುತ್ತಿ ತರುವ ನೆಪದಲ್ಲಿ ಬದುವಿನ ಕಡೆ ಓಡಿದ. ಪರಸವ್ವ ಅವನ ಹಿಂದೆ ಕೂಗಿದಳು: "ಸಾವಕಾಶ ಲೇ ತಮ್ಮಾ! ಕಡಬು ಚೆಲ್ಲಿದ್ರ ಲಗ್ನ ಮುಂದಿನ ವರ್ಷಕ್ಕ ಹೊಕ್ಕೈತಿ!"

ಪಂಕ್ತಿ ಸಾಲಿನ ನಡುವೆಯೇ ಕೂತಿತು. ಬಡಿಸುವವಳೂ ಸಲೀಸಾಗಿ ಓಡಾಡಿದಳು. ಶಿವಯೋಗೆಪ್ಪ ಮಾತ್ರ ಕುಡುಗೋಲು ಹಿಡಿದು ದಾರಿಬದಿಗೆ ಹೋಗಿದ್ದ. ಬಡವಾದ ಆ ದಂಟುಗಳನ್ನು ಒಂದು ಹೊರೆಯಷ್ಟು ಕೊಯ್ದು ಸಾರವಾಡದ ಎತ್ತುಗಳ ಮುಂದೆ ಹಾಕಿದ. ದಂಟು ಸಣ್ಣಗೆ, ಮೆತ್ತಗೆ ಇತ್ತು. ಎತ್ತುಗಳು ಒಂದು ಕಡ್ಡಿಯನ್ನೂ ಬಿಡದೆ ಕರಕರ ಮೇಯ್ದವು. ಕೈ ಒರೆಸಿಕೊಳ್ಳುತ್ತ ಬಂದು ಹೆಂಡತಿಯ ಪಕ್ಕ ಹಾಯುವಾಗ ಅವನು ಮೆಲ್ಲಗೆ ಹೇಳಿದ:

"ಮೇವಿಗೆ ಛಲೋ ಬಿತ್ತೀದಿ."

ಬೈದನೋ ಹೊಗಳಿದನೋ ಎಂದು ಅವಳು ಮುಖ ನೋಡಿದಳು. ಮೀಸೆಯ ಒಂದು ತುದಿ ಅಲುಗಿತ್ತು.

"ಮುಂದಿನ ವರ್ಷ ಕೈ ಬಿಗಿ ಹಿಡಿತೇನಿ," ಎಂದಳು. "ಯಾಕ ಅಂತ ಹೇಳಿದ್ರ."

"ಹೇಳತೇನಿ."

"ಏನ ಪಿಸುಪಿಸು ನಡದೈತಿ ಅಲ್ಲಿ?" ರುಕ್ಮವ್ವ ಬಾಯಿ ತುಂಬ ಕಡುಬು ಇಟ್ಟುಕೊಂಡೇ ಕೂಗಿದಳು. "ಜೋರ ಮಾತಾಡ್ರಿ, ನಾವೂ ಕೇಳತೇವಿ. ಇತ್ತ ಬಾ ಬೀಗತಿ, ಇನ್ನೊಂದು ಹಾಕು."

ಗುರುಸಿದ್ದವ್ವ ಎರಡು ಹಾಕಿದಳು.